ನರವೈವಿಧ್ಯದ ಮಕ್ಕಳು ಮತ್ತು ಕಾರ್ಯನಿರ್ವಹಣಾ ಕೌಶಲ

ಮಾಡಬೇಕೆಂದುಕೊಂಡದ್ದನ್ನು ನೆನಪಿನಲ್ಲಿಟ್ಟುಕೊಂಡು, ನಡುವೆ ಸೆಳೆಯುವುದನ್ನು ಬದಿಗೊತ್ತಿ, ಅಡ್ಡಿ ಬಂದರೆ ದಾರಿ ಬದಲಿಸಿ, ಕೈಗೆತ್ತಿಕೊಂಡ ಕೆಲಸವನ್ನು ದಡ ಮುಟ್ಟಿಸುವ ಮನಸ್ಸಿನ ಶಕ್ತಿಗಳಿಗೆ ಒಟ್ಟಾಗಿ ಕಾರ್ಯನಿರ್ವಹಣಾ ಕೌಶಲ ಎಂದು ಹೆಸರು. ಮನೋವಿಜ್ಞಾನಿಗಳು ಇದನ್ನು ಎಕ್ಸಿಕ್ಯುಟಿವ್ ಫಂಕ್ಷನ್ ಎನ್ನುತ್ತಾರೆ. ಅಕಿರಾ ಮಿಯಾಕೆ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಇದರಲ್ಲಿ ಮೂರು ಎಳೆಗಳನ್ನು ಗುರುತಿಸುವುದು ರೂಢಿಯಾಗಿದೆ. ಕೈಯಲ್ಲಿರುವ ಕೆಲಸಕ್ಕೆ ಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ಕಾರ್ಯಸ್ಮೃತಿ ಒಂದು, ಮುನ್ನುಗ್ಗುವ ಪ್ರತಿಕ್ರಿಯೆಯನ್ನು ತಡೆಯುವ ಶಕ್ತಿ ಇನ್ನೊಂದು, ಒಂದು ಬಗೆಯ ಯೋಚನೆಯಿಂದ ಮತ್ತೊಂದಕ್ಕೆ ಹೊರಳುವ ನಮ್ಯತೆ ಮೂರನೆಯದು. ಅಷ್ಟಾವಧಾನವನ್ನು ನೋಡಿದವರಿಗೆ ಈ ಮೂರೂ ಹೊಸದೆನಿಸುವುದಿಲ್ಲ. ನಿಷೇಧಾಕ್ಷರಿಯ ಪೃಚ್ಛಕರು ಇಂಥ ಅಕ್ಷರ ಕೂಡದೆಂದು ಹೆಜ್ಜೆಹೆಜ್ಜೆಗೂ ಅಡ್ಡಗಟ್ಟುವಾಗ ನಾಲಿಗೆಯ ತುದಿಗೆ ಬಂದ ಪದವನ್ನು ಅವಧಾನಿ ಅಲ್ಲೇ ನುಂಗಿ ಬೇರೊಂದನ್ನು ತರಬೇಕು. ಸಂಖ್ಯಾಬಂಧದ ಮನೆಗಳನ್ನು ಕೇಳಿದ ಕ್ರಮದಲ್ಲಿ ತುಂಬಲು ಇಡೀ ಚೌಕವನ್ನು ಮನಸ್ಸಿನಲ್ಲಿ ಹೊತ್ತಿರಬೇಕು. ಒಬ್ಬ ಪೃಚ್ಛಕರಿಂದ ಇನ್ನೊಬ್ಬರತ್ತ ಹೊರಳುತ್ತಲೇ ಇರಬೇಕು. ಅಪ್ರಸ್ತುತ ಪ್ರಸಂಗದ ಕೀಟಲೆಗೆ ಮಾರುತ್ತರ ಕೊಟ್ಟೂ ಎಳೆ ತಪ್ಪಿಸಿಕೊಳ್ಳಬಾರದು. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅವಧಾನಿಯ ನೆನಪು ಬರಿಗೈಯಲ್ಲಿ ನಿಂತಿರುವುದಿಲ್ಲ. ಛಂದಸ್ಸಿನ ಚೌಕಟ್ಟು ಅದಕ್ಕೆ ಆಸರೆ; ಪದ್ಯದ ಗಣಗಳೇ ಮುಂದಿನ ಪದಕ್ಕೆ ಜಾಗ ತೋರಿಸುತ್ತವೆ. ಅಪ್ರತಿಮ ಧಾರಣಶಕ್ತಿಯುಳ್ಳವರಿಗೂ ಆಸರೆ ಬೇಕು ಎಂಬುದನ್ನು ನೆನಪಿಟ್ಟುಕೊಂಡರೆ, ಬೆಳಿಗ್ಗೆ ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತ ನಿಂತ ಮಗುವಿನ ಕಷ್ಟ ಅರ್ಥವಾಗತೊಡಗುತ್ತದೆ.

ಎಡಿಎಚ್‌ಡಿ, ಆಟಿಸಂ, ಡಿಸ್ಲೆಕ್ಸಿಯದಂಥ ಸ್ಥಿತಿಗಳಲ್ಲಿ ಬೆಳೆಯುವ ಮಕ್ಕಳನ್ನು ನರವೈವಿಧ್ಯದ ಮಕ್ಕಳು ಎನ್ನುವ ವಾಡಿಕೆ 1990ರ ದಶಕದ ಕೊನೆಯಲ್ಲಿ ಶುರುವಾಯಿತು. ಆಸ್ಟ್ರೇಲಿಯದ ಜೂಡಿ ಸಿಂಗರ್ ಅವರ ಬರಹದೊಂದಿಗೆ ಈ ಪದ ಬಳಕೆಗೆ ಬಂತು. ಈ ಮಕ್ಕಳಲ್ಲಿ ಹಲವರಿಗೆ ಕಾರ್ಯನಿರ್ವಹಣೆಯ ಒಂದಲ್ಲ ಒಂದು ಎಳೆ ಸಡಿಲವಾಗಿರುತ್ತದೆ. ಆದರೆ ಎಲ್ಲರಿಗೂ ಅಲ್ಲ, ಎಲ್ಲರಿಗೂ ಒಂದೇ ಬಗೆಯಲ್ಲೂ ಅಲ್ಲ. ಎರಿಕ್ ವಿಲ್ಕಟ್ ಮತ್ತು ಸಂಗಡಿಗರು 2005ರಲ್ಲಿ ಎಡಿಎಚ್‌ಡಿ ಕುರಿತ 83 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಡೆಶಕ್ತಿ, ಕಾರ್ಯಸ್ಮೃತಿ, ಯೋಜನೆ ಇವುಗಳಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಆದರೂ ಎಡಿಎಚ್‌ಡಿ ಇದ್ದ ಪ್ರತಿ ಮಗುವಿನಲ್ಲೂ ಈ ಕೊರತೆ ಇರಲಿಲ್ಲ. ಆಟಿಸಂ ಇರುವ ಮಕ್ಕಳು ಹೆಚ್ಚಾಗಿ ತೊಡರುವುದು ಹೊರಳುವಲ್ಲಿ: ಶಾಲೆಯ ವ್ಯಾನು ಬೇರೆ ರಸ್ತೆ ಹಿಡಿದರೆ ಇಡೀ ದಿನ ಕೆಡುತ್ತದೆ. ಡಿಸ್ಲೆಕ್ಸಿಯ ಇರುವ ಮಗು ಅಕ್ಷರ ಬಿಡಿಸುವುದರಲ್ಲೇ ಕಾರ್ಯಸ್ಮೃತಿಯನ್ನೆಲ್ಲ ಖರ್ಚು ಮಾಡಿ ವಾಕ್ಯದ ಅರ್ಥಕ್ಕೆ ಏನೂ ಉಳಿಸಿಕೊಂಡಿರುವುದಿಲ್ಲ. ಕನ್ನಡದ ಮಟ್ಟಿಗೆ ಈ ಹೊರೆ ದೀರ್ಘಕಾಲದ್ದು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಾಗುವ ಲಿಪಿಯಲ್ಲಿ ಅಕ್ಷರಜ್ಞಾನ ಪೂರ್ತಿ ಕೈಗೂಡಲು ನಾಲ್ಕನೆಯ ತರಗತಿಯವರೆಗೂ, ಕೆಲವೊಮ್ಮೆ ಅದರಾಚೆಗೂ ಹಿಡಿಯುತ್ತದೆಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ.

ಈ ಲೇಖನದ ವಾದ ಒಂದೇ. ಕಾರ್ಯನಿರ್ವಹಣಾ ಕೌಶಲವನ್ನು ತಲೆಯೊಳಗಿನ ಸ್ನಾಯುವೆಂದು ಬಗೆದು ಅದಕ್ಕೆ ವ್ಯಾಯಾಮ ಕೊಡುವುದರಿಂದ ನರವೈವಿಧ್ಯದ ಮಕ್ಕಳಿಗೆ ಸಿಗುವ ಪ್ರಯೋಜನ ತೀರ ಕಡಿಮೆ. ಕೆಲಸ ನಡೆಯುವ ಜಾಗದಲ್ಲೇ, ಕೆಲಸ ನಡೆಯುವ ಹೊತ್ತಿಗೇ ಕಾಲವನ್ನೂ ಕ್ರಮವನ್ನೂ ನೆನಪನ್ನೂ ಮಗುವಿನ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಇಟ್ಟುಕೊಟ್ಟಾಗ ಕೌಶಲ ಬೆಳೆಯುತ್ತದೆ. ಹೊರಗಿನ ಆಸರೆ ಮೊದಲು. ಒಳಗಿನ ಹಿಡಿತ ಬರುವುದು ಅದನ್ನು ಹಿಡಿದುಕೊಂಡೇ. ಇದರ ತಾತ್ವಿಕ ಬುನಾದಿ ಹಳೆಯದು. ಮಗು ಮೊದಲು ದೊಡ್ಡವರ ಮಾತಿನಿಂದ, ಆಮೇಲೆ ತನ್ನದೇ ಗಟ್ಟಿ ಮಾತಿನಿಂದ, ಕೊನೆಗೆ ಮೌನವಾದ ಒಳಮಾತಿನಿಂದ ತನ್ನನ್ನು ನಡೆಸಿಕೊಳ್ಳುತ್ತದೆ ಎಂದು ರಷ್ಯದ ಲೆವ್ ವೈಗಾಟ್ಸ್ಕಿ ಹೇಳಿದ್ದರು. ಅವರ ಜೊತೆಗಾರ ಅಲೆಕ್ಸಾಂಡರ್ ಲೂರಿಯ ಇದನ್ನು ಮೆದುಳಿನ ಮುಂಭಾಗದ ಅಧ್ಯಯನದೊಂದಿಗೆ ಜೋಡಿಸಿದರು. ಲಾರಾ ಬರ್ಕ್ ಮತ್ತು ಸಂಗಡಿಗರು 1991ರಲ್ಲಿ ಗಮನಿಸಿದಂತೆ ಎಡಿಎಚ್‌ಡಿ ಇರುವ ಹುಡುಗರಲ್ಲಿ ಈ ಗಟ್ಟಿ ಮಾತು ಒಳಮಾತಾಗಲು ಹೆಚ್ಚು ಕಾಲ ಬೇಕು. ಲೆಕ್ಕ ಮಾಡುತ್ತ ಗೊಣಗಿಕೊಳ್ಳುವ ಹತ್ತು ವರ್ಷದವನಿಗೆ ‘ಬಾಯಿ ಮುಚ್ಚಿಕೊಂಡು ಮಾಡು’ ಎಂದರೆ ಅವನು ನಡೆಯುತ್ತಿದ್ದ ಕೋಲನ್ನೇ ಕಿತ್ತುಕೊಂಡಂತೆ. ಇಂಥ ಸಣ್ಣ ತಿಳಿವಳಿಕೆಗೆ ಖರ್ಚೇನೂ ಇಲ್ಲ. ಆದರೂ ಇದು ಬಹಳ ತರಗತಿಗಳನ್ನು ಇನ್ನೂ ಮುಟ್ಟಿಲ್ಲ.

ವ್ಯಾಯಾಮದ ವಾದ ಸೋತದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇವತ್ತಿಗೂ ಪಾಲಕರ ಹಣ ಹೋಗುತ್ತಿರುವುದು ಅತ್ತ ಕಡೆಗೇ. ಸ್ವೀಡನ್ನಿನ ಟಾರ್ಕೆಲ್ ಕ್ಲಿಂಗ್‌ಬರ್ಗ್ 2002ರಲ್ಲಿ ಮತ್ತು 2005ರಲ್ಲಿ, ಕಂಪ್ಯೂಟರಿನ ಮೇಲೆ ದಿನವೂ ಕಾರ್ಯಸ್ಮೃತಿಯ ಅಭ್ಯಾಸ ಮಾಡಿದ ಎಡಿಎಚ್‌ಡಿ ಮಕ್ಕಳು ಸುಧಾರಿಸಿದರೆಂದು ವರದಿ ಮಾಡಿದಾಗ ಆಸೆ ಗರಿಗೆದರಿತು. ನಂತರದ ವರ್ಷಗಳಲ್ಲಿ ಪ್ರಯೋಗಗಳು ರಾಶಿಯಾದವು. ಮೋನಿಕಾ ಮೆಲ್ಬಿ-ಲೆರ್ವಾಗ್ ಮತ್ತು ಚಾರ್ಲ್ಸ್ ಹ್ಯೂಮ್ 2013ರಲ್ಲಿ ಅವನ್ನೆಲ್ಲ ತೂಗಿ ನೋಡಿದರು. ಅಭ್ಯಾಸ ಮಾಡಿದ ಆಟದಲ್ಲೂ ಅದನ್ನು ಹೋಲುವ ಪರೀಕ್ಷೆಗಳಲ್ಲೂ ಅಂಕ ಏರುತ್ತದೆ. ಓದು, ಲೆಕ್ಕ, ದಿನದ ಗಮನ ಇವುಗಳಿಗೆ ಆ ಏರಿಕೆ ಹರಿದುಬಂದದ್ದಕ್ಕೆ ನಂಬುವಂಥ ಸಾಕ್ಷ್ಯ ಸಿಗಲಿಲ್ಲ. ‘ಮಿದುಳಿನ ತರಬೇತಿ’ಯ ಹೆಸರಿನಲ್ಲಿ ಆಟಗಳನ್ನು ಮಾರುತ್ತಿದ್ದ ಲ್ಯುಮೊಸಿಟಿ ಕಂಪನಿ ಆಧಾರವಿಲ್ಲದ ಜಾಹೀರಾತಿನ ಆರೋಪಕ್ಕೆ ಒಳಗಾಗಿ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 20 ಲಕ್ಷ ಡಾಲರಿಗೆ ರಾಜಿ ಮಾಡಿಕೊಳ್ಳಬೇಕಾಯಿತು. ಅಳಿಗುಳಿ ಮಣೆ, ಕುಂಟೆಬಿಲ್ಲೆ, ಚೆಸ್ ಆಡಿಸಿದರೆ ಮಗುವಿನ ಗಮನ ಸರಿಹೋಗುತ್ತದೆ ಎನ್ನುವ ಸಲಹೆಗೂ ಇದೇ ಮಾತು ಅನ್ವಯಿಸುತ್ತದೆ. ಆಟ ಆಡಬೇಕಾದದ್ದು ಆಟದ ಸುಖಕ್ಕೆ. ಅಳಿಗುಳಿ ಮಣೆಯಲ್ಲಿ ಕಾಳು ಎಣಿಸಿ ಮುಂದಾಲೋಚಿಸುವ ಮಗು ಅದೇ ಕಾರಣಕ್ಕೆ ಸಂಜೆ ಡೈರಿ ತೆರೆದು ನೋಡುತ್ತದೆಂದು ನಂಬಲು ಆಧಾರವಿಲ್ಲ.

ಹಾಗಿದ್ದರೆ ಯಾವುದು ಫಲ ಕೊಟ್ಟಿದೆ? ನ್ಯೂಯಾರ್ಕ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳಲ್ಲಿ ಹವರ್ಡ್ ಅಬಿಕಾಫ್, ರಿಚರ್ಡ್ ಗ್ಯಾಲಹರ್ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಮುಖ್ಯವಾದದ್ದು. ಎಡಿಎಚ್‌ಡಿ ಇರುವ, 3ರಿಂದ 5ನೆಯ ತರಗತಿಯ 158 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ಚೀಲ ಜೋಡಿಸುವುದು, ಹೋಂವರ್ಕ್ ಬರೆದುಕೊಳ್ಳುವುದು, ಸಮಯ ಅಂದಾಜು ಮಾಡುವುದು ಮುಂತಾದವನ್ನು ಒಂದೊಂದಾಗಿ ನೇರವಾಗಿ ಕಲಿಸಿದರು. ಎರಡನೆಯ ಗುಂಪಿನ ಮಕ್ಕಳಿಗೆ ಕೌಶಲವನ್ನೇನೂ ಕಲಿಸಲಿಲ್ಲ. ಅವರ ತಂದೆತಾಯಿಗೂ ಶಿಕ್ಷಕರಿಗೂ ಗುರಿ ಗೊತ್ತುಮಾಡುವುದು, ನೆನಪಿಸುವುದು, ಗಮನಿಸುವುದು, ಮಾಡಿದಾಗ ಮೆಚ್ಚಿ ಬಹುಮಾನ ಕೊಡುವುದು ಇಷ್ಟನ್ನು ಕಲಿಸಿದರು. ಮೂರನೆಯ ಗುಂಪು ಕಾದಿತ್ತು. ಮೊದಲೆರಡೂ ಗುಂಪುಗಳು ಕಾದವರಿಗಿಂತ ಬಹಳ ಮುಂದೆ ಹೋದವು. ಆ ಎರಡರ ನಡುವೆ ಇದ್ದ ವ್ಯತ್ಯಾಸ ಅತಿ ಸಣ್ಣದು. ಇದರಿಂದ ನಾನು ತೆಗೆಯುವ ತೀರ್ಮಾನ ಇದು: ಮಗುವನ್ನು ಬದಲಿಸಿದಾಗ ಸಿಕ್ಕಷ್ಟೇ ಫಲ ಮಗುವಿನ ಸುತ್ತಲಿನ ದೊಡ್ಡವರನ್ನು ಬದಲಿಸಿದಾಗಲೂ ಸಿಕ್ಕಿತು. ಹೋಂವರ್ಕನ್ನೇ ನೋಡಿ. ಅದು ಒಂದು ಕೆಲಸವೆಂದು ನಾವು ಎಣಿಸುತ್ತೇವೆ. ಮಗುವಿಗೆ ಅದು ಸರಪಣಿ: ಬೋರ್ಡಿನ ಮೇಲಿದ್ದದ್ದನ್ನು ಅಳಿಸುವ ಮೊದಲು ಡೈರಿಗೆ ಇಳಿಸಬೇಕು, ಸರಿಯಾದ ಪುಸ್ತಕ ಚೀಲಕ್ಕೆ ಹಾಕಬೇಕು, ಮನೆಯಲ್ಲಿ ಅದನ್ನು ನೆನಪು ಮಾಡಿಕೊಂಡು ತೆಗೆಯಬೇಕು, ಕುಳಿತು ಮುಗಿಸಬೇಕು, ಮತ್ತೆ ಚೀಲಕ್ಕೆ ಸೇರಿಸಬೇಕು, ಮರುದಿನ ಮೇಷ್ಟ್ರು ಕೇಳಿದಾಗ ಎದ್ದು ಕೊಡಬೇಕು. ಒಂಬತ್ತು ವರ್ಷದ ಹುಡುಗಿ ರಾತ್ರಿ ಅಳುತ್ತಳುತ್ತ ಬರೆದು ಮುಗಿಸಿದ ಹಾಳೆ ಮರುದಿನ ಚೀಲದ ತಳದಲ್ಲಿ, ಬಾಳೆಹಣ್ಣಿನ ಸಿಪ್ಪೆಯ ಕೆಳಗೆ ಮುದುಡಿ ಬಿದ್ದಿರುವುದು ಶಿಕ್ಷಕರಿಗೆ ಗೊತ್ತಾಗುವುದೇ ಇಲ್ಲ; ಹಾಜರಿಯ ಪಕ್ಕದಲ್ಲಿ ‘ಮಾಡಿಲ್ಲ’ ಎಂದು ದಾಖಲಾಗುತ್ತದೆ. ಮುರಿದ ಕೊಂಡಿ ಕೊನೆಯದು. ಅದಕ್ಕೆ ಬೇಕಾದ ಆಸರೆಯೂ ಚಿಕ್ಕದು: ಮುಗಿದ ಕೆಲಸಕ್ಕೆಂದೇ ಒಂದು ಕೆಂಪು ಫೈಲು, ಪ್ರಾರ್ಥನೆ ಮುಗಿದ ಕೂಡಲೇ ಅದನ್ನು ಮೇಜಿನ ಮೇಲಿಡುವ ರೂಢಿ.

ಕಾಲವನ್ನು ಕಣ್ಣಿಗೆ ಕಾಣಿಸುವುದು ಎರಡನೆಯ ಉಪಾಯ. ಎಡಿಎಚ್‌ಡಿಯನ್ನು ಆತ್ಮನಿಯಂತ್ರಣದ ತೊಡಕೆಂದು 1997ರಲ್ಲಿ ವಿವರಿಸಿದ ರಸೆಲ್ ಬಾರ್ಕ್ಲಿ, ಈ ಮಕ್ಕಳಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ, ಗೊತ್ತಿದ್ದನ್ನು ಆ ಕ್ಷಣದಲ್ಲಿ ಮಾಡುವುದೇ ಕಷ್ಟ ಎಂಬುದಕ್ಕೆ ಒತ್ತು ಕೊಟ್ಟರು. ‘ಇನ್ನು ಹತ್ತು ನಿಮಿಷ’ ಎಂಬ ಮಾತು ಇಂಥ ಮಗುವಿಗೆ ಏನನ್ನೂ ಹೇಳುವುದಿಲ್ಲ. ಬಣ್ಣದ ತಟ್ಟೆ ಕರಗುತ್ತ ಹೋಗುವ ಗಡಿಯಾರವೋ ಮರಳುಗಡಿಯಾರವೋ ಹೇಳುತ್ತದೆ. ಕುಕ್ಕರಿನ ಮೂರನೆಯ ಸೀಟಿಯೂ ಹೇಳುತ್ತದೆ. ಕ್ರಮಕ್ಕೂ ಹೀಗೆಯೇ. ಎರಿಕ್ ಶಾಪ್ಲರ್ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕಟ್ಟಿ, 1972ರಿಂದ ಆ ರಾಜ್ಯದುದ್ದಕ್ಕೂ ನಡೆದುಬಂದ ಟೀಚ್ ಕಾರ್ಯಕ್ರಮ ಆಟಿಸಂ ಇರುವ ಮಕ್ಕಳಿಗೆ ದಿನದ ಕೆಲಸಗಳನ್ನು ಚಿತ್ರಗಳ ಸಾಲಾಗಿ ಜೋಡಿಸಿ ಕೊಟ್ಟಿತು. ಬಚ್ಚಲಮನೆಯ ಬಾಗಿಲಿಗೆ ಹಲ್ಲುಜ್ಜುವ ಬ್ರಷ್, ಚೊಂಬು, ಟವೆಲ್, ಸಮವಸ್ತ್ರ ಈ ನಾಲ್ಕು ಚಿತ್ರ ಅಂಟಿಸಿ, ಮುಗಿದದ್ದನ್ನು ಮಗುವೇ ಕಿತ್ತು ಕೆಳಗಿನ ಲಕೋಟೆಗೆ ಹಾಕುವಂತೆ ಮಾಡಿದರೆ ಮನೆಯಲ್ಲಿ ಕೂಗಾಟ ಕಡಿಮೆಯಾಗುತ್ತದೆ. ಅದಕ್ಕೊಂದು ಕಾರಣವಿದೆ. ‘ಬೇಗ ಬೇಗ’ ಎಂಬ ಅಮ್ಮನ ಕೂಗು ಹುಟ್ಟಿದ ಕ್ಷಣದಲ್ಲೇ ಮಾಯವಾಗುವ ಸೂಚನೆ, ಅದನ್ನು ಕಾರ್ಯಸ್ಮೃತಿಯೇ ಹಿಡಿದಿಡಬೇಕು. ಚಿತ್ರ ಮಾತ್ರ ಅಲ್ಲೇ ಇರುತ್ತದೆ. ತರಗತಿಯಲ್ಲಿ ಈ ಹೊರೆ ಎಷ್ಟು ಅಸಮವಾಗಿ ಹಂಚಿಹೋಗಿದೆಯೆಂಬುದನ್ನು ಸೂಸನ್ ಗ್ಯಾದರ್‌ಕೋಲ್ ಮತ್ತು ಟ್ರೇಸಿ ಆಲವೇ ಲೆಕ್ಕ ಹಾಕಿದ್ದಾರೆ: ಏಳೆಂಟು ವರ್ಷದ 30 ಮಕ್ಕಳಿದ್ದರೆ ಅವರಲ್ಲಿ ಮೂವರಿಗಾದರೂ ಸರಾಸರಿ ನಾಲ್ಕು ವರ್ಷದ ಮಗುವಿನಷ್ಟೇ ಕಾರ್ಯಸ್ಮೃತಿ, ಇನ್ನು ಮೂವರಿಗೆ ಹನ್ನೊಂದು ವರ್ಷದವರಷ್ಟು. ‘ಪುಸ್ತಕ ತೆಗೆದು, 42ನೆಯ ಪುಟ ತಿರುಗಿಸಿ, ಮೂರನೆಯ ಲೆಕ್ಕ ಬಿಟ್ಟು, ಉಳಿದದ್ದನ್ನು ನೋಟ್ಸಿನ ಹಿಂಬದಿಯಲ್ಲಿ ಮಾಡಿ’ ಎಂಬ ಒಂದೇ ಉಸಿರಿನ ಸೂಚನೆ ಆ ಮೊದಲ ಮೂವರ ಪಾಲಿಗೆ ‘ಪುಸ್ತಕ ತೆಗೆ’ಯಲ್ಲೇ ಮುಗಿದುಹೋಗಿರುತ್ತದೆ.

ನಮ್ಯತೆಯನ್ನು ಕಲಿಸಬಹುದೇ ಎಂಬ ಪ್ರಶ್ನೆಗೆ ಲಾರೆನ್ ಕೆನ್‌ವರ್ದಿ ಮತ್ತು ಸಂಗಡಿಗರ 2014ರ ಪ್ರಯೋಗ ಉತ್ತರ ಕೊಟ್ಟಿತು. ಆಟಿಸಂ ಇರುವ 67 ಮಕ್ಕಳಲ್ಲಿ ಹೆಚ್ಚಿನವರಿಗೆ ‘ಅನ್‌ಸ್ಟಕ್ ಆ್ಯಂಡ್ ಆನ್ ಟಾರ್ಗೆಟ್’ ಎಂಬ ಪಾಠಕ್ರಮ, ಉಳಿದವರಿಗೆ ಸಾಮಾಜಿಕ ಕೌಶಲದ ತರಬೇತಿ ಸಿಕ್ಕಿತು. ಮೊದಲ ಗುಂಪು ಸಮಸ್ಯೆ ಬಿಡಿಸುವುದರಲ್ಲೂ ಯೋಜನೆ, ನಮ್ಯತೆಗಳಲ್ಲೂ ಮುಂದಿತ್ತು. ತರಗತಿಯಲ್ಲಿ ಅವರನ್ನು ಗಮನಿಸಿದವರಿಗೂ ಆ ಬದಲಾವಣೆ ಕಂಡಿತು. ಆ ಪಾಠಕ್ರಮದ ಜೀವ ಇರುವುದು ಹಂಚಿಕೊಂಡ ಮಾತಿನಲ್ಲಿ. ‘ಸಿಕ್ಕಿಕೊಂಡಿದ್ದೇನೆ’, ‘ಮೊದಲ ಯೋಜನೆ, ಎರಡನೆಯ ಯೋಜನೆ’ ಎಂಬಂಥ ಕೆಲವೇ ನುಡಿಗಟ್ಟುಗಳನ್ನು ಶಿಕ್ಷಕರು, ತಂದೆತಾಯಿ, ಮಗು ಎಲ್ಲರೂ ಒಂದೇ ರೀತಿ, ದಿನದ ನಿಜವಾದ ತೊಡಕುಗಳ ನಡುವೆ ಬಳಸುತ್ತಾರೆ. ದೊಡ್ಡವರೂ ತಮ್ಮ ಯೋಜನೆ ಕೆಟ್ಟಾಗ ಅದನ್ನು ಗಟ್ಟಿಯಾಗಿ ಆಡಿ ತೋರಿಸುತ್ತಾರೆ. ಜರ್ಮನಿಯಲ್ಲಿ ಕಾಟರಿನಾ ಗಾವ್ರಿಲೋವ್ ಮತ್ತು ಪೀಟರ್ ಗೋಲ್‌ವಿಟ್ಸರ್ 2008ರಲ್ಲಿ ತೋರಿಸಿದ ‘ಹೀಗಾದರೆ ಹೀಗೆ’ ಸೂತ್ರವೂ ಇದೇ ಜಾತಿಯದು. ‘ಗಮನ ಕೊಡುತ್ತೇನೆ’ ಎಂಬ ನಿರ್ಧಾರಕ್ಕಿಂತ ‘ಇಂಥದ್ದು ಕಂಡ ಕೂಡಲೇ ಹೀಗೆ ಮಾಡುತ್ತೇನೆ’ ಎಂಬ ಖಚಿತ ಜೋಡಣೆ ಎಡಿಎಚ್‌ಡಿ ಇರುವ ಮಕ್ಕಳ ತಡೆಶಕ್ತಿಗೆ ಹೆಚ್ಚು ಒದಗಿತು. ಸಂಕಲ್ಪವನ್ನು ತಲೆಯಲ್ಲಿ ಹೊರುವ ಭಾರ ಇಳಿದು, ಕಣ್ಣೆದುರಿನ ಸಂಗತಿಯೇ ಅದನ್ನು ಎಬ್ಬಿಸುತ್ತದೆ.

ಇಷ್ಟೊಂದು ಆಸರೆ ಕೊಟ್ಟರೆ ಮಗು ಊರುಗೋಲಿಗೆ ಅಂಟಿಕೊಳ್ಳುವುದಿಲ್ಲವೇ, ಎರಡು ಬಿಗಿದರೆ ತಾನೇ ಕಲಿಯುವುದಿಲ್ಲವೇ ಎಂಬ ಆಕ್ಷೇಪವನ್ನು ಎಲ್ಲ ಮನೆಗಳಲ್ಲೂ ಕೇಳಬಹುದು. ಅದರ ಹಿಂದಿರುವ ಆತಂಕ ನಿಜವಾದದ್ದು: ನಾವು ಎಷ್ಟು ದಿನ ಹಿಂದೆ ನಿಲ್ಲಲಾದೀತು? ಉತ್ತರದ ಒಂದು ಭಾಗ ಬೆಳವಣಿಗೆಯ ವೇಗದಲ್ಲಿದೆ. ಫಿಲಿಪ್ ಶಾ ಮತ್ತು ಸಂಗಡಿಗರು 2007ರಲ್ಲಿ ಮೆದುಳಿನ ಚಿತ್ರಗಳನ್ನು ವರ್ಷಗಳುದ್ದಕ್ಕೂ ಹೋಲಿಸಿ ನೋಡಿದಾಗ, ಮೆದುಳಿನ ಹೊರಪದರ ಗರಿಷ್ಠ ದಪ್ಪ ಮುಟ್ಟುವ ಮಧ್ಯಂಕ ವಯಸ್ಸು ಎಡಿಎಚ್‌ಡಿ ಇಲ್ಲದ ಮಕ್ಕಳಲ್ಲಿ 7.5 ವರ್ಷ, ಇರುವವರಲ್ಲಿ 10.5 ವರ್ಷ ಎಂದು ಕಂಡಿತು. ಈ ತಡ ಹೆಚ್ಚು ಎದ್ದುಕಂಡದ್ದು ಮುಂಭಾಗದಲ್ಲೇ. ಇದು ಗುಂಪಿನ ಲೆಕ್ಕ, ಯಾವುದೇ ಒಂದು ಮಗುವಿನ ಜಾತಕವಲ್ಲ. ಆದರೂ ಹತ್ತು ವರ್ಷದವನಿಂದ ಹತ್ತು ವರ್ಷದ ಹೊಣೆಯನ್ನೇ ಬೇಡಿ, ಅವನು ತಪ್ಪಿದಾಗ ಮೈಗಳ್ಳನೆನ್ನುವುದು ಎಂಥ ಅನ್ಯಾಯವೆಂದು ಇದು ತೋರಿಸುತ್ತದೆ. ಇನ್ನೊಂದು ಭಾಗ ನಂಬಿಕೆಯದು. ಎದುರಿಗಿಟ್ಟ ಒಂದು ಮಿಠಾಯಿಯನ್ನು ತಿನ್ನದೆ ಕಾದರೆ ಎರಡು ಸಿಗುವ ವಾಲ್ಟರ್ ಮಿಶೆಲ್ ಅವರ ಮಾರ್ಷ್‌ಮೆಲೊ ಪ್ರಯೋಗವನ್ನು ಬಹಳ ಕಾಲ ಮಗುವಿನ ಸಂಯಮದ ಅಳತೆಗೋಲೆಂದೇ ತಿಳಿಯಲಾಗಿತ್ತು. ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಅದಕ್ಕೆ ಮೊದಲು ಒಂದು ಸಣ್ಣ ಘಟನೆ ಸೇರಿಸಿದರು: ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆಂದು ಹೋದ ದೊಡ್ಡವರು ಕೆಲವು ಮಕ್ಕಳಿಗೆ ತಂದುಕೊಟ್ಟರು, ಕೆಲವರ ಬಳಿಗೆ ಬರಿಗೈಯಲ್ಲಿ ಬಂದರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರ ಮುಂದೆ 3 ನಿಮಿಷ. ಸಂಯಮ ಮಗುವಿನೊಳಗೆ ಮಾತ್ರ ಇರುವ ವಸ್ತುವಲ್ಲ. ಬೈಗುಳ, ಹೊಡೆತ, ಮರೆತುಹೋದ ಬಹುಮಾನಗಳ ನಡುವೆ ಬೆಳೆದ ಮಗು ಕಾಯದೆ ಕಿತ್ತುಕೊಂಡರೆ ಅದು ತನ್ನ ಅನುಭವಕ್ಕೆ ಸರಿಯಾಗಿಯೇ ನಡೆದುಕೊಂಡಿದೆ. ಊರುಗೋಲಿನ ಮಾತಿಗೆ ಬರುವುದಾದರೆ, ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಕಲಿಕೆಯ ಆಸರೆಯನ್ನು ಹೋಲಿಸಿದ್ದು ಕಟ್ಟಡದ ಸಾರುವೆಗೆ. ಗೋಡೆ ಒಣಗುವ ಮುನ್ನ ಸಾರುವೆ ಬಿಚ್ಚಬಾರದು, ಬಿಚ್ಚುವಾಗ ಒಮ್ಮೆಗೇ ಬಿಚ್ಚಬಾರದು. ಕೆಲವು ಆಸರೆ ಬದುಕಿನುದ್ದಕ್ಕೂ ಉಳಿದರೂ ತಪ್ಪೇನಿಲ್ಲ. ಕನ್ನಡಕವನ್ನು ಯಾರೂ ಬಿಡಿಸಲು ಹೊರಡುವುದಿಲ್ಲ.

ಎದುರು ದಿಕ್ಕಿನಿಂದ ಬರುವ ಆಕ್ಷೇಪ ಇನ್ನೂ ಗಹನವಾದದ್ದು. ಯೋಜನೆ, ಶಿಸ್ತು, ಸಮಯಪಾಲನೆ ಕಲಿಸುವ ನೆಪದಲ್ಲಿ ಈ ಮಕ್ಕಳನ್ನು ಉಳಿದವರಂತೆ ತಿದ್ದಲು ಹೊರಟಿದ್ದೀರಿ ಎಂದು ನರವೈವಿಧ್ಯದ ಚಿಂತಕರು ಕೇಳುತ್ತಾರೆ. ಈ ಮಾತಿಗೆ ಕಿವಿಗೊಡಲೇಬೇಕು. ಡೈನಾ ಮರ್ರಿ, ವೆನ್ ಲಾಸನ್ ಮತ್ತು ಮೈಕ್ ಲೆಸರ್ 2005ರಲ್ಲಿ ವಿವರಿಸಿದಂತೆ ಆಟಿಸಂ ಇರುವವರ ಗಮನ ಹಲವು ಕಡೆ ಹರಡುವುದಕ್ಕಿಂತ ಒಂದೇ ಸುರಂಗದಲ್ಲಿ ಆಳವಾಗಿ ಇಳಿಯುತ್ತದೆ. ಹೊರಳಲಾಗದೆ ಇರುವುದು ಆ ಆಳದ ಇನ್ನೊಂದು ಮುಖ. ಆದ್ದರಿಂದ ಗುರಿ ಯಾರದ್ದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಸುಮ್ಮನೆ ಕೂರುವುದು, ಕಣ್ಣಿಗೆ ಕಣ್ಣಿಟ್ಟು ನೋಡುವುದು, ಕೈ ಆಡಿಸದಿರುವುದು ದೊಡ್ಡವರ ನೆಮ್ಮದಿಗೆ ಬೇಕಾದವು; ಇವುಗಳನ್ನು ಕೌಶಲವೆಂದು ಕರೆಯಲಾಗದು. ತನ್ನ ರೈಲಿನ ಪುಸ್ತಕವನ್ನು ಗೆಳೆಯನಿಗೆ ತೋರಿಸಲು ಶಾಲೆಗೆ ಒಯ್ಯುವುದು, ಪಿಕ್‌ನಿಕ್ ರದ್ದಾದ ದಿನ ಕುಸಿಯದೆ ಇನ್ನೊಂದು ಆಟಕ್ಕೆ ತಿರುಗುವುದು ಮಗುವಿಗೇ ಬೇಕಾದವು. ರೈಲುಗಳ ವೇಳಾಪಟ್ಟಿಯೆಲ್ಲ ಬಾಯಲ್ಲೇ ಇರುವ ಹುಡುಗನಿಗೆ ದಿನಚರಿಯನ್ನು ನಿಲ್ದಾಣಗಳ ಪಟ್ಟಿಯಾಗಿ ಬರೆದುಕೊಟ್ಟು, ತಡವಾದಾಗ ‘ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತಿದೆ’ ಎಂದರೆ ಅವನು ಹೊರಳುವುದನ್ನು ತನ್ನ ಒಲವಿನ ಭಾಷೆಯಲ್ಲೇ ಕಲಿಯುತ್ತಾನೆ.

ಔಷಧಿ ಇದೆಯಲ್ಲ, ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಎಡಿಎಚ್‌ಡಿಯಲ್ಲಿ ಮಿಥೈಲ್‌ಫೆನಿಡೇಟ್‌ನಂಥ ಔಷಧಿಗಳು ನಿಜಕ್ಕೂ ನೆರವಾಗುತ್ತವೆ, ವೈದ್ಯರು ಬರೆದುಕೊಟ್ಟಾಗ ಅವುಗಳಿಗೆ ಹೆದರಬೇಕಾಗಿಲ್ಲ. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಎಂಟಿಎ ಅಧ್ಯಯನದಲ್ಲಿ 14 ತಿಂಗಳ ಕೊನೆಗೆ ಮುಖ್ಯ ಲಕ್ಷಣಗಳ ಮಟ್ಟಿಗೆ ಎಚ್ಚರದಿಂದ ಕೊಟ್ಟ ಔಷಧಿಯೇ ಮುಂದಿತ್ತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು. ಔಷಧಿ ಗಮನದ ಬಾಗಿಲು ತೆರೆಯಬಹುದು, ಕೆಂಪು ಫೈಲು ಎಲ್ಲಿಡಬೇಕೆಂಬುದನ್ನು ಅದು ಹೇಳಿಕೊಡದು. ಅಳತೆಯ ವಿಷಯದಲ್ಲೂ ಒಂದು ಎಚ್ಚರ ಬೇಕು. ಮ್ಯಾಗಿ ಟೊಪ್ಲಾಕ್, ರಿಚರ್ಡ್ ವೆಸ್ಟ್ ಮತ್ತು ಕೀತ್ ಸ್ಟಾನೊವಿಚ್ 2013ರಲ್ಲಿ ತೋರಿಸಿದಂತೆ, ಪರೀಕ್ಷಾ ಕೊಠಡಿಯ ಅಂಕಗಳಿಗೂ ತಂದೆತಾಯಿ, ಶಿಕ್ಷಕರು ದಿನವೂ ಕಾಣುವುದಕ್ಕೂ ಸಂಬಂಧ ಬಹಳ ಕಡಿಮೆ. ಶಾಂತವಾದ ಕೋಣೆ, ಎದುರಿಗೆ ಒಬ್ಬರೇ ದೊಡ್ಡವರು, ಒಂದು ಸಲಕ್ಕೆ ಒಂದೇ ಕೆಲಸ: ಆ ಕೊಠಡಿಯೇ ಒಂದು ಆಸರೆ. ಅಲ್ಲಿ ಚೆನ್ನಾಗಿ ಮಾಡಿದ ಮಗು ಮನೆಯಲ್ಲಿ ತೊಡರಿದರೆ ನಟಿಸುತ್ತಿದೆಯೆಂದು ಅರ್ಥವಲ್ಲ.

ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತು. ಆಟಿಸಂ ಮತ್ತು ಡಿಸ್ಲೆಕ್ಸಿಯದಂಥ ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿವೆ. ಎಡಿಎಚ್‌ಡಿಗೆ ಪ್ರತ್ಯೇಕ ಸ್ಥಾನವಿಲ್ಲ. ಕಲಿಕಾ ನ್ಯೂನತೆಯನ್ನು ಗುರುತಿಸಲು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ದೇಶದ ಹಲವೆಡೆ ಬಳಕೆಯಲ್ಲಿದೆ. ಪ್ರಮಾಣಪತ್ರದಿಂದ ಪರೀಕ್ಷೆಯ ದಿನ ಹೆಚ್ಚುವರಿ ಸಮಯ, ಬರೆಯುವವರ ನೆರವು ಸಿಗಬಹುದು. ಆದರೆ ಕಾರ್ಯನಿರ್ವಹಣೆಯ ಕಷ್ಟ ಇರುವುದು ವರ್ಷದ ಉಳಿದ ದಿನಗಳಲ್ಲಿ, ಅದಕ್ಕೆ ಪ್ರಮಾಣಪತ್ರ ಏನನ್ನೂ ಮಾಡಲಾರದು. ತುಂಬಿದ ತರಗತಿಯಲ್ಲಿ ಒಬ್ಬರೇ ಶಿಕ್ಷಕರು ಒಂದು ಮಗುವಿಗಾಗಿ ಇಷ್ಟೆಲ್ಲ ಮಾಡುವುದು ಹೇಗೆ ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದು. ಇಲ್ಲಿ ಹೇಳಿದ ಹೆಚ್ಚಿನ ಆಸರೆಗಳನ್ನು ಒಂದು ಮಗುವಿಗೆಂದು ಬೇರೆಯಾಗಿ ಕೊಡಬೇಕಾಗಿಲ್ಲ. ಬೋರ್ಡಿನ ಬಲಗಡೆ ದಿನದ ಕೆಲಸಗಳ ಪಟ್ಟಿ ಬರೆದು ಮುಗಿದದ್ದಕ್ಕೆ ಗೀಟೆಳೆಯುವುದು, ಸೂಚನೆಯನ್ನು ಒಂದೊಂದೇ ಹೆಜ್ಜೆಯಾಗಿ ಹೇಳುವುದು, ಗಂಟೆ ಹೊಡೆಯಲು ಐದು ನಿಮಿಷ ಇರುವಾಗಲೇ ಡೈರಿ ಬರೆಸುವುದು ಇಡೀ ತರಗತಿಗೆ ಸಲ್ಲುತ್ತವೆ. ಇವುಗಳಿಗೆ ಬೇಕಾದದ್ದು ಒಂದು ತುಂಡು ಸೀಮೆಸುಣ್ಣ. ಕಷ್ಟ ಹೆಚ್ಚುವುದು ಎಂಟನೆಯ ತರಗತಿಯಿಂದಾಚೆ: ವಿಷಯಕ್ಕೊಬ್ಬ ಶಿಕ್ಷಕರು, ವಾರಗಟ್ಟಲೆಯ ಪ್ರಾಜೆಕ್ಟು, ಟ್ಯೂಷನ್ನಿನ ಇನ್ನೊಂದು ವೇಳಾಪಟ್ಟಿ ಒಟ್ಟಿಗೆ ಮೇಲೆ ಬೀಳುತ್ತವೆ, ದೊಡ್ಡವನಾದನೆಂದು ಮನೆಯವರು ಕೈಬಿಡುವುದೂ ಆಗಲೇ. ಮೂರನೆಯ ತರಗತಿಯಲ್ಲಿ ಬಾಗಿಲ ಮೇಲಿದ್ದ ಚಿತ್ರಗಳು ಅಷ್ಟು ಹೊತ್ತಿಗೆ ಫೋನಿನ ಕ್ಯಾಲೆಂಡರಾಗಿ, ಅಲಾರಮ್ಮಾಗಿ ರೂಪ ಬದಲಿಸಿ ಹುಡುಗನ ಜೇಬು ಸೇರಿರಬೇಕು. ಭಾನುವಾರ ಸಂಜೆ ಹತ್ತು ನಿಮಿಷ ಅವನೊಂದಿಗೆ ಕೂತು ಮುಂದಿನ ವಾರವನ್ನು ಅದರಲ್ಲಿ ತುಂಬಲು ಮನೆಯಲ್ಲೊಬ್ಬರು ಇನ್ನೂ ಕೆಲವು ವರ್ಷ ಬೇಕು.